ಕೆಂಚನ ಮೊದಲ ತುತ್ತು

ಮಾವಿನ ಓಟೆಯನ್ನು ನಾಯಿಗೆ ಹಾಕಬೇಡಿ. ಇಷ್ಟು ಹೇಳುವುದಕ್ಕೆ ಒಂದು ಸಾಲು ಸಾಕು, ಅದನ್ನು ಹೇಳಿಯೂ ಆಯಿತು. ಮಿಕ್ಕಿದ್ದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಕೋಲಾರದ ಆ ಪ್ರಾಣಿಗಳ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾಗ, ನಾಯಿಗೋಸ್ಕರ ಅಳುತ್ತಿರುವವಳು ಇಡೀ ಜಿಲ್ಲೆಗೆ ನಾನೊಬ್ಬಳೇ ಇರಬೇಕು ಅನ್ನಿಸಿತ್ತು. ಹಾಗೇನೂ ಇಲ್ಲವೆಂದು ಅಲ್ಲೇ ಗೊತ್ತಾಯಿತು. ಇವತ್ತು ಯಾರಾದರೂ ಅಂಥದೇ ಜಗಲಿಯಲ್ಲಿ ಸೆರಗಿನ ತುದಿ ಹಿಂಡುತ್ತಾ ಕೂತಿದ್ದರೆ, ಅವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಯಲ್ದೂರಿನ ಪಕ್ಕದ ಹಳ್ಳಿ. ನನ್ನ ಯಜಮಾನರು ನಾರಾಯಣಸ್ವಾಮಿ ಮಾವಿನ ತೋಪು ನೋಡಿಕೊಳ್ಳುತ್ತಾರೆ. ನಾನು ಶ್ರೀನಿವಾಸಪುರದ ಒಂದು ಶಾಲೆಯಲ್ಲಿ ಟೀಚರು. ಮನೆಯಲ್ಲಿ ನಾವಿಬ್ಬರು, ಮಗಳು, ಅತ್ತೆ ಮುನಿಯಮ್ಮ, ಮತ್ತೆ ಕೆಂಚ. ಕೆಂಚನದು ಬೀದಿಯ ಜಾತಿ, ಇಟ್ಟಿಗೆಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡು ಇರುತ್ತದೆ. ತೋಪಿನ ಪಂಪ್‌ಸೆಟ್ಟಿನ ಮನೆ ಹಿಂದೆ ಮರಿಯಾಗಿದ್ದಾಗ ಸಿಕ್ಕಿದವನು. ಸಾಕೋಣವೋ ಬೇಡವೋ ಎಂದು ನಾವಿಬ್ಬರೂ ಯೋಚಿಸುತ್ತಿರುವಾಗಲೇ ಅತ್ತೆ ಒಳಗಿನಿಂದ ಹಾಲು ತಂದಿಟ್ಟಿದ್ದರು. ಆಮೇಲೆ ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ.

ನಮ್ಮ ಮನೆದೇವರು ಭೈರವ. ನಾಯಿ ಅವನ ವಾಹನ. ಆದ್ದರಿಂದ ನಮ್ಮ ಮನೆಯಲ್ಲಿ ಮೊದಲ ತುತ್ತು ನಾಯಿಗೆ, ಆಮೇಲೆ ಮನುಷ್ಯರಿಗೆ. ಹಬ್ಬದ ದಿನ ಮಾತ್ರವಲ್ಲ, ದಿನವೂ ಹಾಗೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ನನಗೆ ನಗು ಬಂದಿತ್ತು. ಆಗ ಮನೆಯಲ್ಲಿದ್ದ ನಾಯಿಗೆ ಊರು ಸುತ್ತುವ ಚಾಳಿ. ನನ್ನ ಶಾಲೆಯ ಬಸ್ಸಿಗೆ ಹೊತ್ತಾಗುವಾಗಲೇ ಅದು ಎಲ್ಲಿಗೋ ಹೋಗಿಬಿಡುತ್ತಿತ್ತು. ಅದು ಬರುವ ತನಕ ಅತ್ತೆ ತಟ್ಟೆಯ ಮುಂದೆ ಕೈಕಟ್ಟಿ ಕೂರುತ್ತಿದ್ದರು, ಅವರನ್ನು ಬಿಟ್ಟು ನಾನು ಹೇಗೆ ತಿನ್ನಲಿ. ಎಷ್ಟೋ ದಿನ ಹಸಿದುಕೊಂಡೇ ಪಾಠ ಮಾಡಿದ್ದೇನೆ. ನಗು ನಿಂತಿತು.

ಹೋದ ಮಾವಿನ ಕಾಲದಲ್ಲಿ ಕೆಂಚನಿಗೆ ಸೀಕು ಬಂತು. ಮಗಳು ಬೇಸಿಗೆ ರಜಕ್ಕೆ ಮುಳಬಾಗಿಲಿನ ನನ್ನ ತವರಿಗೆ ಹೋಗಿದ್ದಳು. ಕೊಯ್ಲು ಇನ್ನೂ ಶುರುವಾಗದಿದ್ದರೂ ಮನೆ ತುಂಬ ಮರದಿಂದ ಉದುರಿದ ಹಣ್ಣು, ನೊಣ, ಹಣ್ಣು ಕೇಳಲು ಬರುವ ನೆಂಟರು. ದಿನಾ ಸೀಕರಣೆ. ಹಿಂಡಿ ಉಳಿದ ರಸಪುರಿ ಓಟೆಗಳನ್ನು ಹಿತ್ತಲಿಗೆ ಎಸೆಯುವುದು, ಕೆಂಚ ಕಾಲಲ್ಲಿ ಒತ್ತಿ ಹಿಡಿದು ಅವನ್ನು ನೆಕ್ಕುವುದು ಪ್ರತಿ ವರ್ಷದ ಮಾತು. ಅವನು ಊಟ ಬಿಟ್ಟಾಗ ಮೊದಲು ಬಿಸಿಲು ಅಂದೆವು. ವಾಂತಿ ಮಾಡಿಕೊಂಡಾಗ ಇವರು, "ಗರಿಕೆ ತಿಂದು ಸರಿ ಮಾಡ್ಕೋತಾನೆ ಬಿಡು, ನಾಯಿಗೆ ಯಾವ ಡಾಕ್ಟ್ರು" ಅಂದರು. ಅತ್ತೆ ಮೆಣಸಿನಕಾಯಿ ಸುತ್ತಿ ದೃಷ್ಟಿ ತೆಗೆದರು. ಬೆಂಕಿಗೆ ಹಾಕಿದ ಮೆಣಸಿನಕಾಯಿ ಘಾಟು ಹೊಡೆಯಲಿಲ್ಲ, ದೃಷ್ಟಿಯೇ ಎಂದು ಅವರಿಗೆ ಖಾತ್ರಿಯಾಯಿತು. ಆದರೆ ನೀರೂ ನಿಲ್ಲದೆ ಹೋದಾಗ, ಅವನು ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಸುಮ್ಮನೆ ಮಲಗಿದಾಗ, ನನಗೆ ತಡೆಯಲಾಗಲಿಲ್ಲ. ಊರಿನ ಬಾಷಾನ ಆಟೊ ಕರೆಸಿ ಕೋಲಾರಕ್ಕೆ ಹೊರಟುಬಿಟ್ಟೆ.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿದರು. ನಮ್ಮ ಊರಿನ ಹೆಸರು ಕೇಳಿದ ಮೇಲೆ ಒಂದೇ ಪ್ರಶ್ನೆ.

"ಓಟೆ ಹಾಕ್ತೀರಾ?"

ನಾನು ತಲೆ ತಗ್ಗಿಸಿದೆ. "ಕರುಳಲ್ಲಿ ಸಿಕ್ಕಾಕ್ಕೊಂಡಿದೆ. ನಾಳೆ ಬೆಳಗ್ಗೆ ಮೊದಲ ಕೇಸು ಇವನದೇ ಮಾಡ್ತೀನಿ. ರಾತ್ರಿಯಿಂದ ಬಾಯಿಗೆ ಏನೂ ಬೇಡ, ನೀರೂ ಬೇಡ. ಗಟ್ಟಿಮುಟ್ಟು ನಾಯಿ, ಆದ್ರೆ ತಡ ಆಗಿದೆ ಮೇಡಂ. ಕರುಳು ಕಪ್ಪಾಗಿದ್ರೆ ಕಷ್ಟ" ಅಂದರು. ಕೆಂಚನನ್ನು ಮನೆಗೆ ವಾಪಸ್ಸು ಕರೆತರುವಾಗ ಆ ಕೊನೆಯ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲೇ ಕೂತಿತ್ತು.

ನಾಳೆ ಅಂದರೆ ನಮ್ಮ ತೋಪಿನ ಮೊದಲ ಕೊಯ್ಲು. ಆಳುಗಳಿಗೆ ಹೇಳಿಯಾಗಿತ್ತು, ಟೆಂಪೊ ಗೊತ್ತಾಗಿತ್ತು, ಮಾವಿನ ಮಂಡಿಯ ವ್ಯಾಪಾರಿಗಳು ದಾರಿ ಕಾಯುತ್ತಿದ್ದರು. ಮೋಡ ಬೇರೆ ಕಟ್ಟುತ್ತಿತ್ತು. ಬಲಿತ ಕಾಯಿಯ ಮೇಲೆ ಆಲಿಕಲ್ಲು ಬಿದ್ದರೆ ವರ್ಷದ ಬೆಳೆ ಮಣ್ಣುಪಾಲು. ಕೊಯ್ಲು ಮುಂದಕ್ಕೆ ಹಾಕಿ ಎಂದು ಹೇಳಲು ಬಾಯಿ ಬರಲಿಲ್ಲ. ನಾನು ನಾಯಿ ಕರೆದುಕೊಂಡು ಹೋಗುವುದು, ಇವರು ತೋಪಿಗೆ, ಅತ್ತೆ ಆಳುಗಳ ಅಡುಗೆಗೆ ಎಂದು ಮಾತಾಯಿತು. ಅತ್ತೆಯನ್ನು ಕೂರಿಸಿ ಬಿಡಿಸಿ ಹೇಳಿದೆ. "ಅತ್ತೆ, ಕೆಂಚನಿಗೆ ಊಟ ಕೊಡಂಗಿಲ್ಲ. ಮತ್ತು ಬರೋ ಮದ್ದು ಕೊಟ್ಟಾಗ ವಾಂತಿ ಬಂದ್ರೆ ಉಸಿರಿಗೆ ಹೋಗಿಬಿಡುತ್ತಂತೆ."

"ಅಷ್ಟೂ ಗೊತ್ತಾಗಲ್ವೇನಮ್ಮ ನನಗೆ" ಅಂದರು. ನೀರಿನ ಬಟ್ಟಲನ್ನು ತಾವೇ ಎತ್ತಿ ಒಳಗಿಟ್ಟರು.

ಬೆಳಕು ಹರಿಯುವ ಮುಂಚೆಯೇ ಮನೆ ಎದ್ದಿತ್ತು. ಅತ್ತೆ ಸ್ನಾನ ಮಾಡಿ, ಪೊಂಗಲ್ ಮಾಡಿ, ತೋಪಿನ ಮೂಲೆಯ ಮರಕ್ಕೆ ಪೂಜೆ ಮಾಡಿ ಬಂದರು. ಮೊದಲ ಕಾಯಿ ದೇವರಿಗೆ ಇಳಿಸದೆ ಆಳುಗಳು ಮರ ಹತ್ತುವುದಿಲ್ಲ. ನಾನು ಕ್ರೇಟುಗಳ ಲೆಕ್ಕ ಇವರಿಗೆ ಒಪ್ಪಿಸುವುದೋ, ಸೊಪ್ಪು ಬಿಡಿಸುವುದೋ, ಸೀರೆ ಉಡುವುದೋ ಎಂದು ತಲೆಕೆಟ್ಟು ಓಡಾಡುತ್ತಿದ್ದೆ. ಬಾಷಾ ಹಾರ್ನ್ ಹೊಡೆದ. ಹಳೆಯ ಜಮಖಾನೆಯಲ್ಲಿ ಕೆಂಚನನ್ನು ಸುತ್ತಿ ತೊಡೆಯ ಮೇಲೆ ಹಾಕಿಕೊಂಡೆ. ಅತ್ತೆ ಆಟೊ ತನಕ ಬಂದು ಅವನ ಹಣೆಗೆ ಕುಂಕುಮ ಇಟ್ಟರು, ನನ್ನ ಮುಖ ನೋಡಲಿಲ್ಲ. ದುಃಖಕ್ಕೆ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಏನೂ ಹಾಕಿಲ್ಲ ತಾನೆ?" ಎಂದು ಕೇಳಿದರು. "ಒಂದು ಹನಿ ನೀರೂ ಇಲ್ಲ ಮೇಡಂ" ಅಂದೆ, ಟೀಚರ ಮುಂದೆ ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ. ಆ ಮಾತು ಮುಗಿಯುವುದಕ್ಕಿಲ್ಲ, ಕೆಂಚ ಕುತ್ತಿಗೆ ಮುಂದಕ್ಕೆ ಚಾಚಿ ವಾಂತಿ ಮಾಡಿದ. ಅನ್ನದ ಅಗಳು, ಹೆಸರುಬೇಳೆ, ಮಧ್ಯದಲ್ಲಿ ಇಡೀ ಒಂದು ಗೋಡಂಬಿ.

ಡಾಕ್ಟರಮ್ಮ ಗೋಡಂಬಿಯನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಫೋನು ಮಾಡಿದೆ. "ಅತ್ತೆ, ಕೆಂಚನಿಗೆ ಊಟ ಹಾಕಿದ್ರಾ?"

"ಊಟ ಯಾಕೆ ಹಾಕ್ಲಿ? ನೀನು ಹೇಳಿದ್ಯಲ್ಲ."

"ಪೊಂಗಲ್ ಕಕ್ಕಿದ್ದಾನೆ."

ಅತ್ತೆ ಸಣ್ಣ ದನಿಯಲ್ಲಿ, "ಅದು ಊಟ ಅಲ್ಲ ಕಣಮ್ಮ, ಪ್ರಸಾದ. ಕೊಯ್ಲಿನ ದಿನ ಭೈರವನಿಗೆ ಎಡೆ ಇಟ್ಟು ಅವನ ನಾಯಿಗೆ ಕೊಡದೆ ಹೆಂಗೆ ಇರ್ಲಿ. ಒಂದೇ ಒಂದು ತುತ್ತು. ಬೇಡ ಬೇಡ ಅಂತ ಮುಖ ತಿರುಗಿಸ್ದ, ನಾನೇ ಬಾಯಲ್ಲಿ ಇಟ್ಟೆ. ನನ್ನ ಕೈ ಅಂತ ನುಂಗ್ದ" ಅಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ, ಮನೆಯವರೆಲ್ಲ ಬಲ್ಲರು. ಏನಾದರೂ ಅಂದುಬಿಡುತ್ತೇನೆಂದು ಫೋನು ಇಟ್ಟುಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ಈಗಲೇ ಮತ್ತಿನ ಮದ್ದು ಕೊಡುವುದು ಅಪಾಯ, ತುಂಬಾ ಕಾಯುವುದೂ ಅಪಾಯ, ಮಧ್ಯಾಹ್ನದ ತನಕ ಡ್ರಿಪ್ ಹಾಕಿ ನೋಡೋಣ ಎಂದರು. ಕೆಂಚನ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿದರು. ಅವನು ಕುಯ್ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬೆಳಗ್ಗೆ ಮುಗಿಯಬೇಕಾಗಿದ್ದ ಆಪರೇಷನ್ನು ಒಂದು ತುತ್ತಿಗೆ ಮುಂದಕ್ಕೆ ಹೋಯಿತು. ಅಷ್ಟು ಹೊತ್ತೂ ಒಳಗೆ ಕರುಳು ಕಪ್ಪಾಗುತ್ತಿರಬಹುದು. ನಾನು ಜಗಲಿಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಸದ್ದಿಲ್ಲದೆ ಅಳೋಣ ಅಂದುಕೊಂಡರೆ ಮೂಗು ಬಿಡಲಿಲ್ಲ.

ಪಕ್ಕದಲ್ಲಿ ಒಬ್ಬ ತಾತ ಕಾಲು ಮುರಿದ ಮೇಕೆಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದರು. ದೇವರಾಯಸಮುದ್ರದವರು, ಮಾತು ಅರ್ಧ ತೆಲುಗು, ಅರ್ಧ ಕನ್ನಡ.

"ಏಡ್ವಕು ತಲ್ಲಿ" ಅಂದರು. ಅಳಬೇಡಮ್ಮ ಎಂದು. "ಬೆಳಗ್ಗೆ ನಾನೂ ಅತ್ತಿದ್ದೀನಿ. ಸೊಸೆ ನಕ್ಕಳು, ಮೇಕೆಗೆ ಅಳ್ತಾರಾ ಮಾವ ಅಂತ. ಯಾಕೆ ಅಳಬಾರ್ದು, ಇವಳು ನಾನು ಹೋದ ಕಡೆ ಎಲ್ಲಾ ಬರ್ತಾಳೆ. ಸೊಸೆ ಬರ್ತಾಳಾ?"

ಅಳುವಿನ ಮಧ್ಯೆಯೇ ನನಗೆ ನಗು ಬಂತು.

ಕೂತು ಅಳುವುದಕ್ಕೂ ಪುಣ್ಯ ಬೇಕು. ಇವರ ಫೋನು ಬಂತು. "ಮಂಜೂ, ಕ್ರೇಟಿನ ಕೋಣೆ ಬೀಗದ ಕೈ ಎಲ್ಲಿಟ್ಟೆ?" ಹ್ಯಾಂಡ್‌ಬ್ಯಾಗಿಗೆ ಕೈ ಹಾಕಿದೆ. ಕೈಗೆ ತಣ್ಣಗೆ ತಗುಲಿತು. ಮರದ ಕೆಳಗೆ ಕಾಯಿ ರಾಶಿ ಬೀಳುತ್ತಿದೆ, ತುಂಬುವ ಕ್ರೇಟುಗಳೆಲ್ಲ ಬೀಗದ ಹಿಂದೆ, ಬೀಗದ ಕೈ ನನ್ನ ಜೊತೆ ಕೋಲಾರದಲ್ಲಿ.

"ಒಡೀರಿ ಅತ್ಲಾಗೆ" ಅಂದೆ.

"ಅಮ್ಮ ಬಿಡ್ತಿಲ್ಲ ಕಣೇ. ಕೊಯ್ಲಿನ ದಿನ ಮನೆ ಬೀಗ ಒಡೀಬಾರ್ದಂತೆ."

ಈ ಮನೆಯ ಶಾಸ್ತ್ರಗಳಿಗೆ ಒಂದು ದೊಡ್ಡ ನಮಸ್ಕಾರ. ಬಾಷಾ ಆಗಲೇ ಹೊರಟುಹೋಗಿದ್ದ. ಎಂಥ ಗಳಿಗೆಯಲ್ಲೂ ನಮ್ಮ ಕಡೆ ಒಂದು ದಾರಿ ಉಂಟು, ಖಾಸಗಿ ಬಸ್ಸಿನ ಕಂಡಕ್ಟರು. ಔಷಧಿ, ಮದುವೆ ಪತ್ರಿಕೆ, ಮರೆತ ಕನ್ನಡಕ, ಎಲ್ಲವೂ ಅವರ ಕೈಯಲ್ಲೇ ಊರು ಸೇರುವುದು. ಆದರೆ ಕೆಂಚನನ್ನು ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೇಗೆ ಹೋಗಲಿ. ತಾತ ನನ್ನ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದರು. "ನೀನು ಹೋಗಿ ಬಾರಮ್ಮ. ನಿನ್ನ ಕುಕ್ಕ, ಅದೇ ನಿನ್ನ ನಾಯಿ, ಅದರ ಹತ್ತಿರ ನಾನು ಕೂರ್ತೀನಿ. ನನ್ನ ಸರದಿ ಬರೋಕೆ ಇನ್ನೂ ಹೊತ್ತೈತೆ" ಎಂದು ಮೇಕೆಯನ್ನು ಎತ್ತಿಕೊಂಡು ಒಳಗೆ ಹೋಗಿ ಡ್ರಿಪ್ಪಿನ ಕೆಳಗೆ ಕೂತರು.

ಓಡಿದೆ. ಟೀಚರು ಹಾಗೆ ಸೀರೆ ಎತ್ತಿ ಕಟ್ಟಿಕೊಂಡು ಓಡುವುದನ್ನು ಕೋಲಾರದ ಬಸ್‌ಸ್ಟ್ಯಾಂಡು ನೋಡಿರಲಾರದು. ಯಲ್ದೂರಿನ ಬಸ್ಸು ಹೊರಡುತ್ತಿತ್ತು. ಕಂಡಕ್ಟರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, "ಯಾರಿಗೆ ಹುಷಾರಿಲ್ಲ ಮೇಡಂ?" ಎಂದು ಕೇಳಿದ. "ಮನೆಯವರಿಗೆ" ಅಂದೆ. ಸುಳ್ಳು ಅನ್ನಿಸಲಿಲ್ಲ.

ವಾಪಸ್ಸು ಬರುವಷ್ಟರಲ್ಲಿ ಮತ್ತೆ ಇವರ ಫೋನು. ಕೀ ಬರುತ್ತಿದೆ ಎಂದು ಹೇಳಲು ಹೊರಟರೆ, ಅವರ ದನಿಯೇ ಬೇರೆಯಾಗಿತ್ತು. "ಅಮ್ಮ ಏನೂ ತಿಂತಿಲ್ಲ. ನೀನೇ ಒಂದು ಮಾತು ಹೇಳು" ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟರು.

ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸಿದರೆ ಬೆವೆತು ತಲೆ ಸುತ್ತಿ ಬೀಳುತ್ತಾರೆ, ಒಮ್ಮೆ ಬಿದ್ದೂ ಇದ್ದಾರೆ. ಕೋಪವೆಲ್ಲ ಎಲ್ಲಿಗೆ ಹೋಯಿತೋ. "ಅತ್ತೆ, ಕೆಂಚ ಬೆಳಗ್ಗೆ ಮೊದಲ ತುತ್ತು ತಿಂದನಲ್ಲ. ನೀವು ತಿನ್ನಬಹುದು" ಎಂದು ಉಪಾಯ ಹೂಡಿದೆ.

"ಕಕ್ಕಿಬಿಟ್ಟನಲ್ಲಮ್ಮ. ಕಕ್ಕಿದ ಮೇಲೆ ತಿಂದಂಗೆ ಹೆಂಗಾಗುತ್ತೆ?"

"ಈಗ ಡ್ರಿಪ್ಪಲ್ಲಿ ಹೋಗ್ತಿದೆ. ಅದೂ ಊಟಾನೇ."

"ಬಾಯಿಗೆ ಹೋಯ್ತಾ?"

"ಕಾಲಿಗೆ."

"ಮತ್ತೆ" ಅಂದರು. ಶಾಲೆಯಲ್ಲಿ ಎಂಥೆಂಥ ಮೊಂಡರನ್ನು ದಾರಿಗೆ ತಂದವಳು ನಾನು, ಇವರ ಮುಂದೆ ನನ್ನ ಆಟ ನಡೆಯುವುದಿಲ್ಲ. ಕೊನೆಗೆ ಮಾತ್ರೆಯನ್ನೇ ನುಂಗಿಲ್ಲವೆಂದರು. ಅದೊಂದು ಸಮಾಧಾನ. ಮಜ್ಜಿಗೆಯನ್ನಾದರೂ ಕುಡಿಯಿರಿ, ಅದು ತುತ್ತಲ್ಲ, ಗುಟುಕು ಎಂದೆ. ಯೋಚಿಸಿ, ಆಗಲಿ ಅಂದರು.

ಮಧ್ಯಾಹ್ನ ಕೆಂಚನನ್ನು ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕುವ ಮುಂಚೆ ಅವನು ತಲೆ ಎತ್ತಿ ನನ್ನನ್ನು ಹುಡುಕಿದ. ಇಲ್ಲೇ ಇದ್ದೀನೋ ಅಂದೆ. ಆಮೇಲಿನದನ್ನು ಬರೆಯುವುದು ಕಷ್ಟ, ಏಕೆಂದರೆ ಏನೂ ನಡೆಯಲಿಲ್ಲ. ಫ್ಯಾನು ತಿರುಗುತ್ತಿತ್ತು. ಗೋಡೆಯ ಮೇಲೆ ಹಸುವಿನ ಹಲ್ಲುಗಳ ಪಟ. ಒಳಗೆ ತಟ್ಟೆಯ ಮೇಲೆ ಕತ್ತರಿ ಇಟ್ಟ ಸದ್ದಾದಾಗಲೆಲ್ಲ ನಾನು ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದೆ. ಟೆಂಪೊ ಡ್ರೈವರ್ ಫೋನು ಮಾಡಿ ಮಂಡಿಯ ಯಾವ ಬಾಗಿಲಿಗೆ ಬರಲಿ ಎಂದ. ಅಕ್ಕಿ ಎಲ್ಲಿದೆ, ದೊಡ್ಡ ಸೌಟು ಎಲ್ಲಿದೆ ಎಂದು ಮನೆಯಿಂದ ಕೇಳಿದರು. ಎಲ್ಲದಕ್ಕೂ ಸರಿಯಾಗಿಯೇ ಉತ್ತರ ಹೇಳಿದೆನಂತೆ, ನನಗೆ ಒಂದೂ ನೆನಪಿಲ್ಲ. ಆದರೂ ಹೇಳುತ್ತೇನೆ, ಆ ಫೋನುಗಳೇ ನನ್ನನ್ನು ಕಾಪಾಡಿದ್ದು. ಸೌಟು ಎಲ್ಲಿದೆ ಎಂದು ಯೋಚಿಸುವಷ್ಟು ಹೊತ್ತು ಕಪ್ಪು ಕರುಳು ಮರೆತಿರುತ್ತಿತ್ತು. ತಾತನ ಮೇಕೆಗೆ ಅಷ್ಟರಲ್ಲಿ ಬಿದಿರಿನ ದಬ್ಬೆ ಇಟ್ಟು ಕಟ್ಟಿಯಾಗಿತ್ತು. ಊರ ಬಸ್ಸು ಹೋಗಲಿ ಬಿಡು, ಇನ್ನೊಂದು ಬರುತ್ತೆ ಎಂದು ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಮೇಕೆ ನನ್ನ ಸೆರಗು ಮೇಯುತ್ತಿತ್ತು.

ಬಾಗಿಲು ತೆರೆಯಿತು. ಡಾಕ್ಟರಮ್ಮ ಸ್ಟೀಲಿನ ಬಟ್ಟಲನ್ನು ನನ್ನ ಮುಂದೆ ಹಿಡಿದರು. ಒಳಗೆ ಓಟೆ, ನಾರೆಲ್ಲ ಕರಗಿ ಬೋಳಾಗಿತ್ತು.

"ಕರುಳು ಕೆಂಪಗಿತ್ತು, ಕಪ್ಪಾಗಿರ್ಲಿಲ್ಲ. ಕತ್ತರಿಸಿ ತೆಗೆಯೋ ಹಾಗಾಗ್ಲಿಲ್ಲ. ಎಚ್ಚರ ಆಗೋದೊಂದು ನೋಡಬೇಕು" ಅಂದರು.

ಎಲ್ಲ ಬಿಟ್ಟು ನಾನು, "ರಸಪುರಿ" ಅಂದೆನಂತೆ. ಗಾತ್ರ ನೋಡಿದರೆ ಗೊತ್ತಾಗುತ್ತದೆ. ಡಾಕ್ಟರಮ್ಮ ನಕ್ಕುಬಿಟ್ಟರು. ತಾತ ಎದ್ದು, "ಅಳಬೇಡ ಅಂತ ನಾನು ಹೇಳ್ಲಿಲ್ವಾ" ಎಂದು ಮೇಕೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು. ಅವರ ಹೆಸರು ಕೇಳುವುದನ್ನೇ ಮರೆತೆ.

ಎಚ್ಚರವಾಗುವುದು ತಡವಾಯಿತು. ಕೆಂಚ ನಾಲಿಗೆ ಹೊರಗೆ ಹಾಕಿ ಮಲಗಿಯೇ ಇದ್ದ. ನಾನು ಅವನ ಮಡಿಚಿದ ಕಿವಿ ಸವರುತ್ತಾ ಕೂತೆ. ಬಿಸಿಲು ಇಳಿಯಿತು. ಹೊರಗೆ ಬಾಷಾನ ಹಾರ್ನ್ ಕೇಳಿಸಿತು. ಆಟೊದಿಂದ ಅತ್ತೆ ಇಳಿದರು, ಕೈಯಲ್ಲಿ ಕ್ಯಾರಿಯರ್. ತುಟಿ ಒಣಗಿತ್ತು. ಬೆಳಗ್ಗೆ ಪೂಜೆಗೆ ಉಟ್ಟ ಸೀರೆಯಲ್ಲೇ ಬಂದಿದ್ದರು. ನೆಲದ ಮೇಲೆ ಅವನ ಪಕ್ಕ ಕೂತು, ಹೊಟ್ಟೆಯ ಮೇಲಿನ ಬ್ಯಾಂಡೇಜು ನೋಡಿದರು.

"ನನ್ನ ಕೈಯಿಂದಲೇ ಹೋಗಿಬಿಡೋನಲ್ಲಮ್ಮ" ಅಂದರು. "ಬೇಡ ಅಂತ ಮುಖ ತಿರುಗಿಸ್ದ ಕಣೇ. ಬಾಯಿಲ್ಲದ ಪ್ರಾಣಿ ಬೇಡ ಅಂದ್ರೂ ನಾನು ಕೇಳ್ಲಿಲ್ಲ."

ದಿನವಿಡೀ ಅವರಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತು ಒಂದು ಮೂಟೆಯಷ್ಟು ಇತ್ತು. "ಕರುಳು ಕೆಂಪಗಿದೆಯಂತೆ ಅತ್ತೆ" ಎಂದಷ್ಟೇ ಅಂದೆ. ಅತ್ತೆ ಕಣ್ಣೊರೆಸಿಕೊಂಡು, "ಲೇ ಕೆಂಚ, ಏನ್ಲಾ, ಮನೆಗೆ ಬರಲ್ವಾ" ಅಂದರು. ನೆಲದ ಮೇಲೆ ಬಾಲ ಒಂದು ಸಲ ಬಡಿಯಿತು. ನಿಂತಿತು. ಮತ್ತೆ ಬಡಿಯಿತು. ನಾನು ಅಷ್ಟು ಹೊತ್ತಿನಿಂದ ಕರೆಯುತ್ತಿದ್ದೆ, ನನಗೆ ಇಷ್ಟೂ ಮರ್ಯಾದೆ ಕೊಟ್ಟಿರಲಿಲ್ಲ.

ಡಾಕ್ಟರಮ್ಮ ಬಂದು ನೋಡಿದರು, ಇನ್ನು ಭಯವಿಲ್ಲ ಎಂದರು. ಇವತ್ತು ಇಲ್ಲೇ ಇರಲಿ, ನಾಳೆ ನೀರು, ಆಮೇಲೆ ಗಂಜಿ, ಅಲ್ಲಿಯ ತನಕ ಬಾಯಿಗೆ ಏನೂ ಬೇಡ. ಹೇಳುವಾಗ ಅತ್ತೆಯ ಕಡೆಗೇ ನೋಡಿದರು. ಅತ್ತೆ ತಲೆಯಾಡಿಸಿದರು.

ಹೊರಗಿನ ಬೆಂಚಿಗೆ ಬಂದೆವು. "ನೀವು ಈಗ ತಿನ್ನಲೇಬೇಕು" ಎಂದು ಕ್ಯಾರಿಯರ್ ಬಿಚ್ಚಿದೆ. ಆಳುಗಳಿಗೆ ಮಾಡಿದ್ದ ಮುದ್ದೆ, ಮಸ್ಸೊಪ್ಪು. ಅತ್ತೆ ಅದನ್ನು ನೋಡುತ್ತಾ ಕೂತರು. "ಅವನು ತಿನ್ನೋದು ಇನ್ನು ನಾಳೆಯೋ ನಾಡಿದ್ದೋ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ನಿಜವಾಗಿ ಹೆದರಿಕೆಯಾಯಿತು. ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆದರಿದ ತಲೆ, ಮೇಕೆ ಮೇಯ್ದ ಸೆರಗು.

"ನೀನು ಬೆಳಗ್ಗಿಂದ ಏನ್ ತಿಂದೆ?"

"ಏನೂ ಇಲ್ಲ."

ಅವರು ಕೈ ತೊಳೆದು ಬಂದರು. ಮುದ್ದೆ ಮುರಿದು, ಮಸ್ಸೊಪ್ಪಿನಲ್ಲಿ ಹೊರಳಿಸಿ, ಒಳಗೆ ಕೆಂಚ ಮಲಗಿದ್ದ ಕಡೆಗೆ ಒಂದು ಸಲ ಹಿಡಿದು, ಕೈಯನ್ನು ನನ್ನ ಬಾಯಿಯ ಹತ್ತಿರ ತಂದರು. "ತಗೋ. ಇವತ್ತು ಅವನ ಪಾಲು ನಿಂದು."

"ನಾಯಿ ಪಾಲಾ ಅತ್ತೆ ನನಗೆ?"

"ಭೈರವನ ಪಾಲು. ಬಾಯಿ ಮುಚ್ಕೊಂಡು ತಿನ್ನು."

ಮುದ್ದೆ ಅಗಿಯುವುದಲ್ಲ, ನುಂಗುವುದು. ಹುಟ್ಟಿದಾಗಿನಿಂದ ನುಂಗಿದವಳು ನಾನು, ಆ ತುತ್ತನ್ನು ಮಾತ್ರ ಅಗಿದು ಅಗಿದು ತಿಂದೆ. ನಾನು ನುಂಗಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಅತ್ತೆ ತಾವೊಂದು ತುತ್ತು ಬಾಯಿಗಿಟ್ಟರು. ಇಬ್ಬರೂ ಕೂಡಿ ಕ್ಯಾರಿಯರ್ ಖಾಲಿ ಮಾಡಿದೆವು. ಇವರ ಫೋನು ಬಂತು, ಕಾಯೆಲ್ಲ ಮಂಡಿ ಸೇರಿತು ಎಂದು. ಆಲಿಕಲ್ಲು ಬೀಳಲಿಲ್ಲ.

ಕೆಂಚ ಈಗ ಚೆನ್ನಾಗಿದ್ದಾನೆ. ಹೊಟ್ಟೆಯ ಮೇಲೆ ಹೊಲಿಗೆಯ ಗೆರೆ ಇದೆ. ಬಂದವರ ಮುಂದೆಲ್ಲ ಅಂಗಾತ ಮಲಗಿ ತೋರಿಸುವುದು ಒಂದು ಅಭ್ಯಾಸವಾಗಿದೆ. ಓಟೆಗಳೆಲ್ಲ ಮುಚ್ಚಳವಿರುವ ಡ್ರಮ್ಮಿಗೆ ಹೋಗುತ್ತವೆ, ಅತ್ತೆ ಅದರ ಮೇಲೆ ಒರಳುಕಲ್ಲನ್ನು ಹೇರಿಸಿದ್ದಾರೆ. ಅವನು ಬೇಡವೆಂದು ಮುಖ ತಿರುಗಿಸಿದರೆ ಒತ್ತಾಯ ಮಾಡುವುದಿಲ್ಲ. ಮೊದಲ ತುತ್ತು ಮಾತ್ರ ಇವತ್ತಿಗೂ ಅವನದೇ.

ಮೊನ್ನೆ ಶಾಲೆಯಲ್ಲಿ ಮೀಟಿಂಗು ಮುಗಿಸಿ ಬರುವಾಗ ತಡವಾಯಿತು. ಕೆಂಚ ಉಂಡು ಹೊಸಿಲ ಹತ್ತಿರ ಗೊರಕೆ ಹೊಡೆಯುತ್ತಿದ್ದ. ಅವನನ್ನು ದಾಟಿ ಒಳಗೆ ಹೋದರೆ, ಅತ್ತೆ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದಾರೆ.

"ಯಾಕೆ ಅತ್ತೆ, ಅವನು ತಿಂದನಲ್ಲ" ಅಂದೆ.

"ನೀನು ತಿಂದಿಲ್ವಲ್ಲ" ಅಂದರು.